ವಿಮಾನದಲ್ಲಿ ಸೈಕಲ್: ರಟ್ಟಿನ ಬಾಕ್ಸ್ ಸಾಕು, ಒಳಗೆ ಏನೂ ಅಲುಗಬಾರದು

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರ. ಜುಲೈ ಕೊನೆಗೆ ಲೇಹ್‌ಗೆ ಹೋಗಿ ಅಲ್ಲಿಂದ ಮನಾಲಿಗೆ ಸೈಕಲ್ ತುಳಿಯುವ ಆಸೆ. ಮಂಗಳೂರಿನಲ್ಲಿ ವಿಮಾನ ಹತ್ತಿ ದೆಹಲಿಯಲ್ಲಿ ಬದಲಾಯಿಸಬೇಕು. ನನ್ನದು ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಹೈಬ್ರಿಡ್ ಸೈಕಲ್. ಗಟ್ಟಿ ಪ್ಲಾಸ್ಟಿಕ್ ಕೇಸ್ ಕೊಳ್ಳಬೇಕಾ, ರಟ್ಟಿನ ಬಾಕ್ಸ್ ಸಾಕಾ? ಟಯರಿನ ಗಾಳಿ ಪೂರ್ತಿ ತೆಗೆಯದಿದ್ದರೆ ಮೇಲೆ ಹೋದಾಗ ಒಡೆಯುತ್ತದೆ ಅಂತ ಕೆಲವರು ಹೆದರಿಸಿದ್ದಾರೆ. ಮನೆಯಲ್ಲಿ ಬಿಚ್ಚಿ ನೋಡೋಣ ಅಂತ ಕೂತರೆ ಬಲಗಡೆ ಪೆಡಲ್ ಬಂತು, ಎಡಗಡೆಯದು ಏನು ಮಾಡಿದರೂ ಬರಲಿಲ್ಲ. ಸ್ವಲ್ಪ ವಿವರವಾಗಿ ತಿಳಿಸಿ.

ಉತ್ತರ: ಗಟ್ಟಿ ಕೇಸ್ ಕೊಳ್ಳಬೇಡಿ. ವಸ್ತು ಒಳ್ಳೆಯದೇ, ಆದರೆ ನಿಮ್ಮ ಪ್ರಯಾಣಕ್ಕೆ ಹೊಂದುವುದಿಲ್ಲ. ಲೇಹ್‌ನಲ್ಲಿ ಇಳಿದು ಮನಾಲಿಯಲ್ಲಿ ಮುಗಿಸುವವರು ಆ ಕೇಸನ್ನು ಎಲ್ಲಿ ಇಡುತ್ತೀರಿ? ಅದನ್ನು ಹೊತ್ತು ದಾರಿಯಲ್ಲಿ ಸಿಗುವ ತಂಗ್ಲಂಗ್ ಲಾ ಘಾಟಿ ಹತ್ತುವ ಹಾಗಿಲ್ಲ. ಹೋದ ಊರಿನಿಂದಲೇ ವಾಪಸ್ ಬರುವವರಿಗೆ, ಒಂದೇ ಹೋಟೆಲಿನಲ್ಲಿ ಉಳಿದು ರೇಸಿಗೆ ಹೋಗುವವರಿಗೆ ಅದು ಸರಿ. ಇನ್ನೊಂದು ಮಾತು: ಬಹಳಷ್ಟು ಗಟ್ಟಿ ಕೇಸುಗಳು ಖಾಲಿ ಇದ್ದಾಗಲೇ ಹತ್ತು ಕೆಜಿ ತೂಗುತ್ತವೆ. ನಮ್ಮ ದೇಶದ ಒಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟಿಗೆ ಸಿಗುವುದೇ 15 ಕೆಜಿ. ಸೈಕಲಿಗೆ ಏನು ಉಳಿಯಿತು?

ಅಂಗಡಿಗೆ ಹೊಸ ಸೈಕಲ್ ಬರುವುದೇ ರಟ್ಟಿನ ಬಾಕ್ಸಿನಲ್ಲಿ. ಲಾರಿಯ ಕುಲುಕಾಟವನ್ನು ತಡೆದುಕೊಂಡು ಬಂದ ಪೆಟ್ಟಿಗೆ ಅದು. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಗೇರ್ ಸೈಕಲ್ ಮಾರುವ ಅಂಗಡಿಗೆ ಒಂದೆರಡು ವಾರ ಮೊದಲೇ ಹೇಳಿಡಿ. ಇಲ್ಲದಿದ್ದರೆ ನೀವು ಹೋಗುವಷ್ಟರಲ್ಲಿ ಗುಜರಿ ಸೇರಿರುತ್ತದೆ. ನಿಮ್ಮದಕ್ಕಿಂತ ಒಂದು ಸೈಜು ದೊಡ್ಡ ಸೈಕಲಿನ ಬಾಕ್ಸ್ ಕೇಳಿ. ದೊಡ್ಡ ಚಕ್ರದ ಎಂಟಿಬಿ (ಬೆಟ್ಟದ ದಾರಿಯ ಸೈಕಲ್) ಬಾಕ್ಸ್ ಸಿಕ್ಕರೆ ಇನ್ನೂ ಒಳ್ಳೆಯದು, ಅಗಲ ಜಾಸ್ತಿ ಇರುತ್ತದೆ. ಮೂಲೆಗಳನ್ನು ಹಿಸುಕಿ ನೋಡಿ. ಮೆತ್ತಗಾಗಿದ್ದರೆ ಬೇಡ ಅನ್ನಿ.

ಟಿಕೆಟ್ ತೆಗೆಯುವ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಇಂಥ ಬಾಕ್ಸ್ ಉದ್ದ ಸುಮಾರು 140, ಎತ್ತರ 75–80, ದಪ್ಪ 20–25 ಸೆಂ.ಮೀ. ಇರುತ್ತದೆ. ಮೂರನ್ನೂ ಕೂಡಿಸಿದರೆ 240ರ ಹತ್ತಿರ. ಸಾಮಾನ್ಯ ಸೂಟ್‌ಕೇಸಿಗೆ ಕಂಪನಿಗಳು ಇಟ್ಟಿರುವ ಮಿತಿ ಮೂರೂ ಸೇರಿ 158 ಸೆಂ.ಮೀ. ಅಂದರೆ ನಿಮ್ಮದು ದೊಡ್ಡ ಗಾತ್ರದ ಸಾಮಾನು, ಅಥವಾ ಕ್ರೀಡಾ ಸಾಮಗ್ರಿ. ಅದಕ್ಕೆ ಬೇರೆ ಶುಲ್ಕ, ಬೇರೆ ನಿಯಮ. ಇದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಹಾಗಾಗಿ ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ. ಬಾಕ್ಸಿನ ಅಳತೆ, ತೂಕ ಬರೆದು ಇಮೇಲ್ ಕಳಿಸಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಕೌಂಟರಿನಲ್ಲಿ ಇರುವವರಿಗೆ ಸೈಕಲ್ ದಿನಾ ಬರುವ ಸಾಮಾನಲ್ಲ. ಕಾಗದ ಕೈಯಲ್ಲಿದ್ದರೆ ಅವರಿಗೂ ನಿಮಗೂ ನೆಮ್ಮದಿ. ಯಾವ ವಿಮಾನ ಅಂತಲೂ ಕೇಳಿ. ಫ್ಯಾನ್ ಇರುವ ಚಿಕ್ಕ ಎಟಿಆರ್ ವಿಮಾನವಾದರೆ ಸಾಮಾನಿನ ಜಾಗ ಕಡಿಮೆ, ಬಾಕ್ಸ್ ಹಿಂದೆ ಉಳಿಯುವ ಸಾಧ್ಯತೆ ಜಾಸ್ತಿ.

ಮಂಗಳೂರಿನಿಂದ ಲೇಹ್ ತನಕ ಒಂದೇ ಪಿಎನ್ಆರ್ ಇರಲಿ. ಬೇರೆ ಬೇರೆ ಟಿಕೆಟ್ ತೆಗೆದರೆ ಸ್ವಲ್ಪ ದುಡ್ಡು ಉಳಿಯಬಹುದು, ಆದರೆ ದೆಹಲಿಯಲ್ಲಿ ಬಾಕ್ಸ್ ಬಿಡಿಸಿಕೊಂಡು, ಟರ್ಮಿನಲ್ ಬದಲಾಯಿಸಿ, ಮತ್ತೆ ಶುಲ್ಕ ಕಟ್ಟಿ ಒಳಗೆ ಹಾಕಬೇಕು. ತೂಕದ ಲೆಕ್ಕ ಹೀಗೆ: ಹೈಬ್ರಿಡ್ ಸೈಕಲ್ 12–14 ಕೆಜಿ, ಬಾಕ್ಸ್ ಮತ್ತು ಒಳಗಿನ ಸುತ್ತುವ ಸಾಮಾನು 3–4 ಕೆಜಿ. ಅಲ್ಲಿಗೇ 15 ದಾಟಿತು. ಜಾಗ ಉಂಟಲ್ಲ ಅಂತ ಟೆಂಟು, ಬಟ್ಟೆ ಎಲ್ಲ ತುರುಕಿ ಒಂದೇ ಬಾಕ್ಸನ್ನು 32 ಕೆಜಿ ದಾಟಿಸಬೇಡಿ. ಅಷ್ಟು ಭಾರದ ಒಂಟಿ ಸಾಮಾನನ್ನು ತೆಗೆದುಕೊಳ್ಳುವುದೇ ಇಲ್ಲ.

ಈಗ ಕಟ್ಟುವ ವಿಚಾರ. ಬಾಕ್ಸ್ ಮೇಲೆ ಬಾಣದ ಗುರುತು ಹಾಕುತ್ತೀರಿ, ‘ಈ ಭಾಗ ಮೇಲಕ್ಕೆ’ ಅಂತ ಕೆಂಪಕ್ಷರದಲ್ಲಿ ಬರೆಯುತ್ತೀರಿ. ಬರೆಯಿರಿ. ಆದರೆ ಅದನ್ನು ನಂಬಿ ಕಟ್ಟಬೇಡಿ. ಬಾಕ್ಸನ್ನು ಅಡ್ಡ ಮಲಗಿಸುತ್ತಾರೆ, ಅದರ ಮೇಲೆ ಗಲ್ಫಿನಿಂದ ಬಂದವರ ದೊಡ್ಡ ಸೂಟ್‌ಕೇಸ್ ಬೀಳುತ್ತದೆ, ಎಲ್ಲೋ ಒಂದು ಕಡೆ ತಲೆಕೆಳಗಾಗಿಯೂ ನಿಲ್ಲುತ್ತದೆ. ವಿಮಾನದ ಹೊಟ್ಟೆಯೊಳಗೆ ಸಾಮಾನು ಪೇರಿಸುವುದೆಂದರೆ ಮದುವೆಮನೆಯ ಪಾತ್ರೆಗಳನ್ನು ಪಿಕಪ್ಪಿಗೆ ತುಂಬಿದ ಹಾಗೆ, ಎಲ್ಲಿ ಸಂದು ಕಂಡಿತೋ ಅಲ್ಲಿಗೆ. ಯಾರ ತಪ್ಪೂ ಅಲ್ಲ ಅದು. ಹೇಗೆ ಇಟ್ಟರೂ ಒಳಗೆ ಏನೂ ಸರಿಯದ ಹಾಗೆ, ಬದಿಯಿಂದ ಒತ್ತಡ ಬಿದ್ದರೂ ತಡೆಯುವ ಹಾಗೆ ಕಟ್ಟುವುದು ನಮ್ಮ ಕೆಲಸ. ಕಟ್ಟಿ ಮುಗಿದ ಮೇಲೆ ಬಾಕ್ಸನ್ನು ಇಬ್ಬರು ಹಿಡಿದು ಜೋರಾಗಿ ಅಲುಗಾಡಿಸಿ. ಒಳಗಿಂದ ಟಕ್ ಅಂತ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ.

ಪೆಡಲಿನಿಂದ ಶುರು ಮಾಡೋಣ. ನಿಮ್ಮ ಎಡಗಡೆ ಪೆಡಲ್ ಬಾರದೆ ಇರುವುದಕ್ಕೆ ಕಾರಣ ಅದರ ಮರೆ (ತಿರುಪಿನ ಸುತ್ತು) ಉಲ್ಟಾ ಇರುವುದು. ಬಲಗಡೆಯದನ್ನು ಬಿಚ್ಚಿದ ದಿಕ್ಕಿಗೇ ತಿರುಗಿಸುತ್ತಾ ಹೋದರೆ ಅದು ಇನ್ನೂ ಬಿಗಿಯಾಗುತ್ತದೆ. ಗಡಿಯಾರ, ಅಪ್ರದಕ್ಷಿಣೆ ಅಂತೆಲ್ಲ ತಲೆ ಕೆಡಿಸಿಕೊಳ್ಳುವುದು ಬೇಡ. ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿ ನಿಲ್ಲುವ ಹಾಗೆ ಹಾಕಿ, ಅದನ್ನು ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡೂ ಬದಿಗೆ ಇದೇ ಲೆಕ್ಕ. ಬಿಗಿ ಮಾಡುವಾಗ ಮುಂದಿನ ಚಕ್ರದ ಕಡೆಗೆ. 15 ಎಂ.ಎಂ. ಸ್ಪ್ಯಾನರ್ ಬೇಕು. ಕೆಲವಕ್ಕೆ ಒಳಗಡೆಯಿಂದ 6 ಅಥವಾ 8 ಎಂ.ಎಂ. ಅಲೆನ್ ಕೀ ಹಾಕುವುದು, ಅಲ್ಲೂ ದಿಕ್ಕು ಇದೇ. ನಮ್ಮ ಕರಾವಳಿಯ ಉಪ್ಪುಗಾಳಿ, ಆರು ತಿಂಗಳ ಮಳೆ ಸೇರಿ ಪೆಡಲಿನ ಮರೆ ಹಿಡಿದುಕೊಂಡು ಬಿಡುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬಂದ ಮೇಲೆ ಮರೆ ಒರೆಸಿ ಗ್ರೀಸ್ ಹಚ್ಚಿ, ಒಮ್ಮೆ ಹಾಕಿ ತೆಗೆದು ನೋಡಿ. ಲೇಹ್‌ನಲ್ಲಿ ಉಸಿರು ಕಟ್ಟುತ್ತಿರುವಾಗ ಪೆಡಲಿನ ಜೊತೆ ಕುಸ್ತಿ ಬೇಡ ಮಾರಾಯ್ರೆ.

ಸೀಟಿನ ಕಂಬ ಎಷ್ಟು ಮೇಲಿತ್ತು ಅನ್ನುವುದಕ್ಕೆ ಅಲ್ಲಿಗೆ ಸರಿಯಾಗಿ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿ, ಆಮೇಲೆ ಹೊರಗೆ ತೆಗೆಯಿರಿ. ಹ್ಯಾಂಡಲ್ ಬಿಚ್ಚುವಾಗ ಅದನ್ನು ಹಿಡಿದಿರುವ ತುಂಡು, ಅಂದರೆ ಸ್ಟೆಮ್ಮಿನ ಮುಂದಿನ ಮುಚ್ಚಳದ ನಾಲ್ಕು ಬೋಲ್ಟು ಮಾತ್ರ ತೆಗೆಯಿರಿ. ಸ್ಟೆಮ್ಮನ್ನು ಫೋರ್ಕಿನಿಂದ (ಮುಂದಿನ ಚಕ್ರವನ್ನು ಹಿಡಿಯುವ ಕವಲು) ಬಿಡಿಸಬೇಡಿ. ಅದರ ಮೇಲಿನ ಟೋಪಿ ಬೋಲ್ಟು ತೆಗೆದು ಸ್ಟೆಮ್ ಎತ್ತಿದರೆ ಫೋರ್ಕ್ ಕೆಳಗೆ ಜಾರುತ್ತದೆ, ಬೇರಿಂಗ್ ಹೊರಗೆ ಬರುತ್ತದೆ, ಮತ್ತೆ ಅದನ್ನು ಸಡಿಲವೂ ಆಗದೆ ಬಿಗಿಯೂ ಆಗದೆ ಕೂರಿಸುವುದು ರೂಢಿ ಇಲ್ಲದವರಿಗೆ ತಲೆನೋವು. ಹ್ಯಾಂಡಲ್ ಕೈಗೆ ಬಂದ ಮೇಲೆ ಆ ನಾಲ್ಕು ಬೋಲ್ಟನ್ನು ಮುಚ್ಚಳದ ಸಮೇತ ಅಲ್ಲೇ ವಾಪಸ್ ಹಾಕಿಡಿ. ಕೇಬಲ್ಲಿನಲ್ಲೇ ನೇತಾಡುವ ಹ್ಯಾಂಡಲನ್ನು ಮೇಲಿನ ಪೈಪಿಗೆ ಒರಗಿಸಿ ಕಟ್ಟಿ.

ಕಟ್ಟಲು ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿಗಿಂತ ಒಳ್ಳೆಯದು ಇಲ್ಲ. ಎಳೆಯುತ್ತದೆ, ಹಿಡಿಯುತ್ತದೆ, ಪೇಂಟು ಕೆರೆಯುವುದಿಲ್ಲ. ಪ್ಲಾಸ್ಟಿಕ್ ಟೈ ಹಾಕಿದರೆ ಸೆಕ್ಯುರಿಟಿಯವರು ಕತ್ತರಿಸಿ ಹಾಗೇ ಬಿಡುತ್ತಾರೆ. ಮನೆಯಲ್ಲಿ ಇದೆ ಅಂತ ತೆಂಗಿನ ನಾರಿನ ಹಗ್ಗ ಬಳಸಬೇಡಿ, ಮರಳುಕಾಗದ ಉಜ್ಜಿದ ಗುರುತು ಬೀಳುತ್ತದೆ. ಪೈಪುಗಳಿಗೆ ಸುತ್ತಲು ಎಸಿ ಹಾಕುವವರು ತಾಮ್ರದ ಪೈಪಿನ ಮೇಲೆ ಏರಿಸುತ್ತಾರಲ್ಲ, ಆ ಕಪ್ಪು ಫೋಮ್ ಕೊಳವೆ ತನ್ನಿ. ಸೀಳಿ ತೊಡಿಸಿದರೆ ಆಯಿತು.

ಮುರಿಯುವ ಸಾಮಾನು ನಿಜವಾಗಿ ಮೂರ್ನಾಲ್ಕೇ. ಮೊದಲನೆಯದು ಹಿಂದಿನ ಗೇರಿನ ಹ್ಯಾಂಗರ್. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರನ್ನು ಹಿಡಿದಿರುವ ಆ ಚಿಕ್ಕ ಅಲ್ಯುಮಿನಿಯಂ ತುಂಡು ಇದೆಯಲ್ಲ, ಅದನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಪೆಟ್ಟು ಬಿದ್ದರೆ ಅದು ಬಾಗಲಿ, ಫ್ರೇಮ್ ಉಳಿಯಲಿ ಅಂತ. ಬಲಗಡೆಯಿಂದ ಒಂದು ಸೂಟ್‌ಕೇಸಿನ ಮೂಲೆ ತಾಗಿದರೆ ಸಾಕು, ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಗೇರ್ ನೆಗೆಯಲು ಶುರು. ಅದಕ್ಕೆ ಚೈನನ್ನು ಹಿಂದೆ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು ಕೇಬಲ್ ಸಡಿಲ ಮಾಡಿ, 5 ಎಂ.ಎಂ. ಅಲೆನ್ ಕೀಯಿಂದ ಡಿರೇಲರ್ ಬಿಚ್ಚಿ. ಕೇಬಲ್ ತೆಗೆಯುವುದು ಬೇಡ, ಚೈನ್ ತುಂಡು ಮಾಡುವುದೂ ಬೇಡ. ಹಳೇ ಬಟ್ಟೆ ಸುತ್ತಿ, ಚಕ್ರದ ಮುಂದೆ ಫ್ರೇಮಿನ ಒಳಭಾಗಕ್ಕೆ ತಂದು ಟ್ಯೂಬಿನ ಪಟ್ಟಿಯಲ್ಲಿ ಕಟ್ಟಿ. ನಿಮ್ಮ ಸೈಕಲ್ ಮಾಡೆಲ್ಲಿಗೇ ಸರಿಹೊಂದುವ ಇನ್ನೊಂದು ಹ್ಯಾಂಗರ್ ಈಗಲೇ ತರಿಸಿ ಚೀಲದಲ್ಲಿ ಹಾಕಿಕೊಳ್ಳಿ. ಒಂದೊಂದು ಫ್ರೇಮಿಗೂ ಅದು ಬೇರೆ ಬೇರೆ ಆಕಾರ. ಲೇಹ್ ಪೇಟೆಯಲ್ಲಿ ಹುಡುಕಿದರೆ ಸಿಗುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ.

ಎರಡನೆಯದು ಡಿಸ್ಕ್. ನಾನು ಹೇಳುವ ಕ್ರಮದಲ್ಲಿ ಹಿಂದಿನ ಚಕ್ರ ಫ್ರೇಮಿನಲ್ಲೇ ಇರುತ್ತದೆ, ಹಾಗಾಗಿ ಹಿಂದಿನ ಡಿಸ್ಕಿಗೆ ಅಪಾಯ ಕಡಿಮೆ. ಮುಂದಿನ ಚಕ್ರ ಹೊರಗೆ ಬಂದು ಪಕ್ಕಕ್ಕೆ ಒರಗುತ್ತದೆ. ಅದರ ಡಿಸ್ಕನ್ನು ತೆಗೆಯಲೇಬೇಕು. ಆರು ಬೋಲ್ಟಿನದ್ದಾದರೆ ಟಿ25 ನಕ್ಷತ್ರ ಕೀ ಸಾಕು. ತೆಗೆದ ಡಿಸ್ಕನ್ನು ಹೇಗೆ ಇಡುವುದು? ನಮ್ಮಲ್ಲಿ ಸಮಾರಂಭಗಳಲ್ಲಿ ಬಳಸುವ ಅಡಿಕೆ ಹಾಳೆಯ ತಟ್ಟೆ ಎರಡು ತೆಗೆದುಕೊಳ್ಳಿ. 160 ಎಂ.ಎಂ. ಡಿಸ್ಕ್ ಊಟದ ತಟ್ಟೆಯ ಒಳಗೆ ಆರಾಮವಾಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಡಿಸ್ಕ್ ಇಟ್ಟು, ಮೇಲೆ ಶುಭ್ರ ಕಾಗದ ಹಾಸಿ, ಇನ್ನೊಂದನ್ನು ಒಳಗೆ ಕೂರಿಸಿ ಸುತ್ತ ಟೇಪ್ ಹಾಕಿ. ಹಗುರ, ಗಟ್ಟಿ, ಕಾಸಿನ ಖರ್ಚಿಲ್ಲ. ಆದರೆ ಹೊಸ ತಟ್ಟೆಯೇ ಆಗಬೇಕು. ಎಣ್ಣೆ ಪಸೆ ಡಿಸ್ಕಿಗೆ ತಾಗಿದರೆ ಬ್ರೇಕ್ ಪ್ಯಾಡೂ ಹಾಳಾಗುತ್ತದೆ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ಡಿಸ್ಕ್ ಮುಟ್ಟಬೇಡಿ ಅಂತ ನಮ್ಮ ಕಡೆಯವರಿಗೆ ಬೇರೆಯೇ ಹೇಳಬೇಕಾಗುತ್ತದೆ.

ಚಕ್ರ ತೆಗೆದ ಮೇಲೆ ಮುಂದಿನ ಬ್ರೇಕಿನ ಎರಡು ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಅಥವಾ ಮಡಚಿದ ರಟ್ಟು ಸಿಕ್ಕಿಸಿ. ಹೈಡ್ರಾಲಿಕ್ ಬ್ರೇಕಿನ ಲಿವರನ್ನು ಡಿಸ್ಕ್ ಇಲ್ಲದಾಗ ಯಾರಾದರೂ ಒತ್ತಿದರೆ ಪಿಸ್ಟನ್ ಮುಂದೆ ಬಂದು ಪ್ಯಾಡುಗಳು ಅಂಟಿಕೊಳ್ಳುತ್ತವೆ. ಆಮೇಲೆ ಡಿಸ್ಕ್ ಒಳಗೇ ಹೋಗುವುದಿಲ್ಲ.

ಮೂರನೆಯದು ಫೋರ್ಕಿನ ತುದಿ. ಚಕ್ರ ಇಲ್ಲದ ಫೋರ್ಕ್ ಬದಿಯ ಒತ್ತಡಕ್ಕೆ ಒಳಗೆ ಬಾಗಬಹುದು, ಬಾಕ್ಸಿನ ತಳವನ್ನು ತೂತು ಮಾಡಿ ಹೊರಗೂ ಬರಬಹುದು. ಹೊಸ ಸೈಕಲಿನ ಫೋರ್ಕಿಗೆ ಒಂದು ಪ್ಲಾಸ್ಟಿಕ್ ಅಡ್ಡಪಟ್ಟಿ ಸಿಕ್ಕಿಸಿರುತ್ತಾರೆ. ಬಾಕ್ಸ್ ಕೊಡುವ ಅಂಗಡಿಯವರ ಹತ್ತಿರವೇ ಅದನ್ನೂ ಕೇಳಿ, ಅವರು ಎಸೆಯುವ ವಸ್ತು. ಸಿಗದಿದ್ದರೆ ಫೋರ್ಕಿನ ಅಗಲಕ್ಕೆ ಸರಿಯಾಗಿ ಪಿವಿಸಿ ಪೈಪ್ ಕತ್ತರಿಸಿ ಉದ್ದ ಬೋಲ್ಟು, ವಾಷರ್ ಹಾಕಿ ಬಿಗಿಯಿರಿ. ಅದೇ ಪೈಪಿನಲ್ಲಿ ಬಾಕ್ಸಿನ ದಪ್ಪಕ್ಕೆ ಸಮನಾಗಿ ಇನ್ನೂ ಎರಡು ಮೂರು ತುಂಡು ಮಾಡಿ, ಫ್ರೇಮಿನ ಸಂದಿನಲ್ಲಿ ಬಾಕ್ಸಿನ ಒಂದು ಗೋಡೆಯಿಂದ ಇನ್ನೊಂದಕ್ಕೆ ತಾಗುವ ಹಾಗೆ ಅಡ್ಡಕ್ಕೆ ನಿಲ್ಲಿಸಿ ಕಟ್ಟಿ. ಬಾಕ್ಸ್ ಮಲಗಿಸಿ ಮೇಲೆ ಭಾರ ಹೇರಿದಾಗ ಆ ಭಾರ ಸೈಕಲ್ ಮೇಲೆ ಬೀಳದೆ ಈ ಕಂಬಗಳ ಮೇಲೆ ಬೀಳುತ್ತದೆ. ತುದಿಗಳು ರಟ್ಟನ್ನು ತೂತು ಮಾಡದ ಹಾಗೆ ಅಡಿಕೆ ಹಾಳೆಯ ತುಂಡೋ ದಪ್ಪ ರಟ್ಟೋ ಅಂಟಿಸಿ. ಇಷ್ಟು ಮಾಡುವವರು ಕಡಿಮೆ. ನನ್ನನ್ನು ಕೇಳಿದರೆ ಫೋಮಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ.

ಚೈನನ್ನು ಮುಂದೆ ದೊಡ್ಡ ಹಲ್ಲುಚಕ್ರದ ಮೇಲೆ ಇಟ್ಟುಬಿಡಿ, ಹಲ್ಲಿಗೆ ರಕ್ಷಣೆ. ಅದರ ಕೆಳಗೆ ಬಾಕ್ಸಿನ ತಳಕ್ಕೆ ಎರಡು ಪದರ ರಟ್ಟು. ಮುಂದಿನ ಚಕ್ರದ ಆಕ್ಸಲ್ ತೆಗೆದು, ಚಕ್ರದ ನಡುವಿನ ಹಬ್ಬಿನ ಎರಡೂ ಬದಿಗೆ ರಟ್ಟಿನ ಬಿಲ್ಲೆ ಅಂಟಿಸಿ, ಚೈನ್ ಇಲ್ಲದ ಎಡಬದಿಗೆ ಒರಗಿಸಿ ಮೂರು ಕಡೆ ಕಟ್ಟಿ. ಪೆಡಲ್, ಬೋಲ್ಟು, ಆಕ್ಸಲ್ ಎಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಚೀಲವನ್ನು ಫ್ರೇಮಿಗೇ ಕಟ್ಟಬೇಕು. ಬಾಕ್ಸಿನಲ್ಲಿ ಕೈ ಹಿಡಿಯುವ ತೂತು ಇರುತ್ತದೆ. ಬಿಡಿಯಾಗಿ ಹಾಕಿದ ಸಾಮಾನು ಅಲ್ಲಿಂದ ಉದುರಿ ಹೋಗುತ್ತದೆ.

ಇನ್ನು ಗಾಳಿ. ಟಯರ್ ಒಡೆಯುವುದಿಲ್ಲ. ಸಾಮಾನು ಇಡುವ ಜಾಗದಲ್ಲೂ ಪ್ರಯಾಣಿಕರು ಕೂರುವ ಜಾಗದಷ್ಟೇ ಗಾಳಿಯ ಒತ್ತಡ ಇರುತ್ತದೆ. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನದ್ದಕ್ಕಿಂತ ಕೆಳಗೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಟಯರಿನ ಲೆಕ್ಕದಲ್ಲಿ ನಾಲ್ಕು ಪಿಎಸ್ಐಯಷ್ಟೂ ವ್ಯತ್ಯಾಸ ಆಗುವುದಿಲ್ಲ. ಅರವತ್ತು ಎಪ್ಪತ್ತು ತಡೆಯುವ ಟಯರಿಗೆ ಅದು ಏನೂ ಅಲ್ಲ. ಆದರೂ ಕಂಪನಿಗಳು ಗಾಳಿ ಇಳಿಸಿ ಅನ್ನುತ್ತವೆ, ಕೌಂಟರಿನಲ್ಲಿ ವಿಜ್ಞಾನ ಪಾಠ ಮಾಡಿ ಪ್ರಯೋಜನವಿಲ್ಲ. ಹೆಬ್ಬೆರಳು ಒತ್ತಿದರೆ ಮೆತ್ತಗೆ ತಗ್ಗುವಷ್ಟು, 15–20 ಪಿಎಸ್ಐ ಉಳಿಸಿ. ಪೂರ್ತಿ ತೆಗೆದರೆ ರಿಮ್ಮಿಗೆ ಪೆಟ್ಟು ಬೀಳುತ್ತದೆ.

ಬಾಕ್ಸಿನಲ್ಲಿ ಏನು ಹಾಕಬಾರದು ಅನ್ನುವುದೂ ಮುಖ್ಯ. ಪವರ್ ಬ್ಯಾಂಕ್ ಕೈಚೀಲದಲ್ಲೇ ಹೋಗಬೇಕು. ಬಿಡಿ ಲಿಥಿಯಂ ಬ್ಯಾಟರಿಯೂ ಹಾಗೆಯೇ. ಸೈಕಲ್ ಲೈಟು, ಜಿಪಿಎಸ್ ಕೂಡ ಅಲ್ಲೇ ಇರಲಿ. 100 ವಾಟ್-ಅವರ್ ಒಳಗಿದ್ದರೆ ಅಡ್ಡಿಯಿಲ್ಲ, 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 74. ಇಲೆಕ್ಟ್ರಿಕ್ ಸೈಕಲಿನ ಬ್ಯಾಟರಿ ಸಾಮಾನ್ಯವಾಗಿ 160 ದಾಟುತ್ತದೆ, ಅದನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯುವಂತಿಲ್ಲ. ಸ್ಪ್ರೇ ಡಬ್ಬ, ಗ್ಯಾಸ್ ಒಲೆಯ ಸಿಲಿಂಡರ್, ಟಯರಿಗೆ ಗಾಳಿ ಹೊಡೆಯುವ ಪುಟ್ಟ ಸಿಒ2 ಗ್ಯಾಸ್ ಡಬ್ಬಿ ಬೇಡ. ಅಲೆನ್ ಕೀ, ಸ್ಪ್ಯಾನರ್ ಉಲ್ಟಾ: ಅವು ಬಾಕ್ಸಿನಲ್ಲೇ ಇರಬೇಕು. ಇನ್ನೊಂದು, ನಮ್ಮೂರಿನ ಅಮ್ಮಂದಿರು ಹೊರಡುವಾಗ ಕಟ್ಟಿಕೊಡುವ ಒಣ ಕೊಬ್ಬರಿ. ಅದು ಚೆಕ್-ಇನ್ ಸಾಮಾನಿನಲ್ಲಿ ನಿಷಿದ್ಧ. ಎಣ್ಣೆ ಅಂಶ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವ ಭಯ. ಅದೊಂದು ತುಂಡಿಗಾಗಿ ಇಡೀ ಬಾಕ್ಸ್ ಬಿಚ್ಚಿಸುವುದು ಯಾಕೆ? ಹಲಸಿನ ಹಪ್ಪಳಕ್ಕೆ ತೊಂದರೆಯಿಲ್ಲ, ಆದರೆ ಅದು ಬೇರೆ ಚೀಲದಲ್ಲಿರಲಿ. ಸೈಕಲ್ ಬಾಕ್ಸಿನಲ್ಲಿ ಸೈಕಲ್ ಮಾತ್ರ ಇರಬೇಕು ಅನ್ನುವ ಕಂಪನಿಗಳಿವೆ.

ಜುಲೈ ಅಂದಿರಿ. ಲಡಾಖಿನಲ್ಲಿ ಸೈಕಲ್ ತುಳಿಯಲು ಒಳ್ಳೆಯ ಕಾಲ, ನಮ್ಮಲ್ಲಿ ಆಟಿಯ ಮಳೆ. ರಟ್ಟಿಗೆ ಅದರಷ್ಟು ದೊಡ್ಡ ಶತ್ರು ಇಲ್ಲ. ಬಾಕ್ಸಿನ ತಳಕ್ಕೆ, ಬದಿಗಳಲ್ಲಿ ಒಂದು ಗೇಣು ಎತ್ತರದವರೆಗೆ ಅಗಲ ಬ್ರೌನ್ ಟೇಪನ್ನು ಸಾಲಾಗಿ ಅಂಟಿಸಿ. ಒದ್ದೆ ನೆಲದ ಮೇಲೆ ಇಟ್ಟರೂ ನೀರು ಹೀರುವುದಿಲ್ಲ. ಮನೆಯಿಂದ ಬಜ್ಪೆಯ ವಿಮಾನ ನಿಲ್ದಾಣದ ತನಕ ಅಡಿಕೆಗೆ ಹೊದಿಸುವ ಪ್ಲಾಸ್ಟಿಕ್ ಶೀಟಿನಲ್ಲಿ ಸುತ್ತಿಕೊಂಡು ಹೋಗಿ. ಕಾರಿನ ಡಿಕ್ಕಿಯಲ್ಲಿ ಹಿಡಿಸದು, ಹಿಂದಿನ ಸೀಟು ಮಡಚುವ ಕಾರೋ ಓಮ್ನಿಯೋ ನೋಡಿಕೊಳ್ಳಿ. ಕುಂಬಳೆಗೆ ಇಳಿದು ಹೆದ್ದಾರಿ 66ರಲ್ಲಿ ಹೋಗುವುದಾದರೆ ಮಳೆಗಾಲದ ಬ್ಲಾಕನ್ನು ಲೆಕ್ಕಕ್ಕೆ ಹಿಡಿಯಿರಿ. ವಿಮಾನಕ್ಕೆ ಮೂರು ಗಂಟೆ ಮೊದಲೇ ತಲುಪಿದರೆ ಒಳ್ಳೆಯದು. ದೊಡ್ಡ ಸಾಮಾನಿನ ತಪಾಸಣೆ ಬೇರೆ ಕಡೆ ನಡೆಯುತ್ತದೆ, ಹೊತ್ತು ಹಿಡಿಯುತ್ತದೆ. ಬಾಕ್ಸ್ ತೆರೆಯಿರಿ ಅಂದರೂ ಅನ್ನಬಹುದು. ಮುಗಿಯುತ್ತಾ ಬಂದ ಟೇಪ್ ರೋಲ್ ಒಂದು ಕೈಯಲ್ಲಿರಲಿ, ಆಮೇಲೆ ಅಲ್ಲೇ ಬಿಟ್ಟುಹೋದರೂ ನಷ್ಟವಿಲ್ಲ. ನೀವಿಲ್ಲದಾಗ ತೆರೆದರೆ? ಕಟ್ಟಿದ ಸೈಕಲಿನ ಫೋಟೋ ಪ್ರಿಂಟ್ ತೆಗೆದು ಮುಚ್ಚಳದ ಒಳಗಡೆ ಅಂಟಿಸಿ, ಹಿಂದಿ-ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಿರಿ. ನೋಡಿದವರಿಗೆ ಹೇಗೆ ವಾಪಸ್ ಇಡಬೇಕು ಅಂತ ಗೊತ್ತಾಗುತ್ತದೆ.

ಹೆಲ್ಮೆಟ್, ಶೂ, ಒಂದು ಜೊತೆ ಬೆಚ್ಚನೆ ಬಟ್ಟೆ ಕೈಚೀಲದಲ್ಲಿ ಒಯ್ಯಿರಿ. ಲೇಹ್ ವಿಮಾನ ನಿಲ್ದಾಣ 3,200 ಮೀಟರಿಗಿಂತ ಮೇಲಿದೆ. ಸಾಮಾನು ಹಿಂದೆ ಬಿದ್ದು ಮರುದಿನ ಬಂದರೂ ನೀವು ಚಳಿಯಲ್ಲಿ ನಡುಗಬಾರದು. ಬಾಕ್ಸ್ ಬಂದ ಕೂಡಲೇ ಅಲ್ಲೇ ನಾಲ್ಕೂ ಬದಿ ನೋಡಿ. ಹರಿದಿದ್ದರೆ, ಜಜ್ಜಿದ್ದರೆ ತೆರೆದು ನೋಡಿ, ಫೋಟೋ ತೆಗೆದು, ಹೊರಗೆ ಕಾಲಿಡುವ ಮೊದಲೇ ಕಂಪನಿಯ ಕೌಂಟರಿನಲ್ಲಿ ಪಿಐಆರ್ ಅನ್ನುವ ದೂರಿನ ಫಾರಂ ಬರೆಸಿ. ಹೋಟೆಲಿಗೆ ಹೋಗಿ ಫೋನ್ ಮಾಡಿದರೆ ಕೇಳುವವರಿಲ್ಲ.

ಅವತ್ತೇ ಜೋಡಿಸಲು ಕೂರಬೇಡಿ. ಸಮುದ್ರಮಟ್ಟದಿಂದ ನೇರ ಅಲ್ಲಿಗೆ ಇಳಿದ ದೇಹಕ್ಕೆ ಕನಿಷ್ಠ ಎರಡು ದಿನ ವಿಶ್ರಾಂತಿ ಬೇಕು. ಪಂಪು ಹೊಡೆಯುವುದೂ ಅಲ್ಲಿ ಕಷ್ಟ. ಗಾಳಿಯೇ ತೆಳು, ಊರಿನಲ್ಲಿ ನೂರು ಸಲ ಒತ್ತಿದರೆ ಆಗುವುದಕ್ಕೆ ಅಲ್ಲಿ ನೂರೈವತ್ತು ಬೇಕು. ಮೂರನೇ ದಿನ ನಿಧಾನ ಜೋಡಿಸಿ. ಹ್ಯಾಂಡಲಿನ ನಾಲ್ಕು ಬೋಲ್ಟನ್ನು ಓರೆ ಓರೆಯಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬ್ರೇಕ್ ಲಿವರ್ ಸ್ಪಂಜಿನ ಹಾಗೆ ಅನ್ನಿಸಿದರೆ ಗಾಬರಿ ಬೇಡ. ಬಾಕ್ಸ್ ತಲೆಕೆಳಗಾಗಿದ್ದರೆ ಹಾಗಾಗುತ್ತದೆ. ಸೈಕಲನ್ನು ನೆಟ್ಟಗೆ ನಿಲ್ಲಿಸಿ, ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿ ಒಂದು ರಾತ್ರಿ ಬಿಡಿ. ಬೆಳಿಗ್ಗೆಯೂ ಹಾಗೇ ಇದ್ದರೆ ಮೆಕ್ಯಾನಿಕ್ ಹುಡುಕಿ. ಆ ಬ್ರೇಕಿನಲ್ಲಿ ಇಳಿಜಾರಿಗೆ ಇಳಿಯಬಾರದು. ಲೇಹ್‌ನಿಂದ ಉಪ್ಶಿ ತನಕ ಸಿಂಧೂ ನದಿಯ ಪಕ್ಕದಲ್ಲೇ ಸುಮಾರು 50 ಕಿ.ಮೀ. ದಾರಿ, ದೊಡ್ಡ ಏರು ಇಲ್ಲ. ಗೇರು, ಬ್ರೇಕು, ಹ್ಯಾಂಡಲ್ ಎಲ್ಲ ಅಲ್ಲಿ ಪರೀಕ್ಷೆ ಆಗಲಿ. ತೊಂದರೆ ಕಂಡರೆ ಅಲ್ಲಿಂದಲೇ ತಿರುಗಬಹುದು. ಅದು ದಾಟಿದರೆ 5,300 ಮೀಟರಿನ ತಂಗ್ಲಂಗ್ ಲಾ.

ಬಾಕ್ಸನ್ನು ಲೇಹ್‌ನಲ್ಲೇ ಬಿಟ್ಟುಬಿಡಿ. ಇನ್ನೊಬ್ಬ ಸೈಕಲಿನವರಿಗೆ ಬೇಕಾಗಬಹುದು, ಹೋಟೆಲಿನವರನ್ನು ಕೇಳಿ ನೋಡಿ. ಮನಾಲಿಯಿಂದ ದೆಹಲಿಗೆ ಬಸ್ಸಿನಲ್ಲಿ ಬಂದ ಮೇಲೆ ವಾಪಸ್ ವಿಮಾನಕ್ಕೆ ಹೊಸ ಬಾಕ್ಸ್ ಬೇಕು. ಝಂಡೇವಾಲಾನಿನಲ್ಲಿ ಸೈಕಲ್ ಅಂಗಡಿಗಳ ದೊಡ್ಡ ಸಾಲೇ ಇದೆ, ಅಲ್ಲಿ ಸಿಗುತ್ತದೆ. ಅದಕ್ಕಾಗಿ ದೆಹಲಿಯಲ್ಲಿ ಒಂದು ಪೂರ್ತಿ ಹಗಲು ಇಟ್ಟುಕೊಳ್ಳಿ, ಬಸ್ಸಿಳಿದ ದಿನವೇ ವಿಮಾನ ಬೇಡ. ಫೋರ್ಕಿನ ಅಡ್ಡಪಟ್ಟಿ, ಪ್ಯಾಡಿನ ತುಂಡು, ಟ್ಯೂಬಿನ ಪಟ್ಟಿ, ಟಿ25 ಕೀ ಇಷ್ಟನ್ನು ದಾರಿಯುದ್ದಕ್ಕೂ ಚೀಲದ ತಳದಲ್ಲಿ ಇಟ್ಟುಕೊಂಡು ಬನ್ನಿ. ಎಲ್ಲ ಸೇರಿ ಕಾಲು ಕೆಜಿಯೂ ಇಲ್ಲ. ಪಿವಿಸಿ ಪೈಪು ದೆಹಲಿಯಲ್ಲೂ ಸಿಗುತ್ತದೆ.